ಬೆರಳಿನಿಂದ ಕಿವಿಯವರೆಗೆ: ಪಿಯಾನೊ ಬೋಧನೆಯ ಬೆಳವಣಿಗೆ

ಬಿಗಿದುಕೊಳ್ಳುವ ಮಣಿಕಟ್ಟು, ಹೇಳಿದ ಮಾತು ಕೇಳದ ಉಂಗುರ ಬೆರಳು, ಸ್ವರಲಿಪಿಯ ಮುಂದೆ ತಡವರಿಸುವ ಕಣ್ಣು, ಒಂದು ಸ್ವರ ತಪ್ಪಿದೊಡನೆ ಕೃತಿಯ ಆರಂಭಕ್ಕೇ ಮರಳಿ ಓಡುವ ಅಭ್ಯಾಸ: ಪಿಯಾನೊ ಕಲಿಸುವವರು ದಿನನಿತ್ಯ ಎದುರಿಸುವ ಈ ತೊಡಕುಗಳಲ್ಲಿ ಯಾವುದೂ ಹೊಸದಲ್ಲ. ಇವುಗಳಿಗೆ ಮೂರು ಶತಮಾನಗಳಲ್ಲಿ ಸೂಚಿಸಲಾದ ಪರಿಹಾರಗಳನ್ನು ಸಾಲಾಗಿ ನೋಡಿದರೆ, ಒಂದು ತಲೆಮಾರಿನ ಉಪಾಯವೇ ಮುಂದಿನ ತಲೆಮಾರಿಗೆ ತೊಡಕಾಗಿ ಉಳಿದದ್ದು ಮತ್ತೆ ಮತ್ತೆ ಕಾಣುತ್ತದೆ. ಇದಕ್ಕೆ ವಾದ್ಯವು ಬೋಧನೆಗಿಂತ ವೇಗವಾಗಿ ಬದಲಾದದ್ದು ಒಂದು ಕಾರಣವಾದರೆ, ಕಣ್ಣಿಗೆ ಕಾಣುವ ಬೆರಳನ್ನು ತಿದ್ದುವುದು ಕಾಣದ ಕಿವಿಯನ್ನು ತಿದ್ದುವುದಕ್ಕಿಂತ ಸುಲಭವಾಗಿದ್ದದ್ದು ಇನ್ನೊಂದು ಕಾರಣ.

ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮೆಯೊ ಕ್ರಿಸ್ಟೊಫೋರಿ 1700ರ ಸುಮಾರಿಗೆ ಪಿಯಾನೊವನ್ನು ರೂಪಿಸಿದಾಗ ಅದಕ್ಕೆಂದೇ ಬರೆದ ಬೋಧನಾ ಗ್ರಂಥಗಳಿರಲಿಲ್ಲ. ಫ್ರಾನ್ಸಿನ ಫ್ರಾನ್ಸ್ವಾ ಕೂಪರಿನ್ 1716ರಲ್ಲಿ ಪ್ರಕಟಿಸಿದ ಕೈಪಿಡಿ ತಂತಿಯನ್ನು ಮೀಟುವ ಹಾರ್ಪ್ಸಿಕಾರ್ಡ್‌ಗೆ ಸಂಬಂಧಿಸಿದ್ದು; ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ 1753ರಲ್ಲಿ ಮೊದಲ ಭಾಗವನ್ನು ಹೊರತಂದ ಪ್ರಬಂಧದಲ್ಲಿಯೂ ಹಗುರ ಕೀಲಿಗಳ ಹಳೆಯ ವಾದ್ಯಗಳೇ ಮುಖ್ಯ. ಆದರೂ ಈ ಎರಡನೆಯ ಗ್ರಂಥ, ಅದುವರೆಗೆ ಅನಿವಾರ್ಯವಾದಾಗ ಮಾತ್ರ ಬಳಸುತ್ತಿದ್ದ ಹೆಬ್ಬೆರಳನ್ನು ಬೆರಳುಗಳ ಚಲನೆಗೆ ಕೇಂದ್ರವಾಗಿಸಿತು. ಇಂದಿನ ವಿದ್ಯಾರ್ಥಿಯು ಸ್ವರಶ್ರೇಣಿಯನ್ನು, ಎಂದರೆ ಒಂದು ಸ್ಥಾಯಿಯ ಸ್ವರಗಳ ಆರೋಹಣ ಅವರೋಹಣವನ್ನು, ನುಡಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ಸರಿಸುವ ಕ್ರಮದ ಹಿಂದೆ ಈ ಗ್ರಂಥದ ದೊಡ್ಡ ಪಾಲಿದೆ.

ಹತ್ತೊಂಬತ್ತನೆಯ ಶತಮಾನವು ಬೆರಳಿನ ಬಲವನ್ನು ಪ್ರತ್ಯೇಕವಾಗಿ ಬೆಳೆಸಬಹುದೆಂದು ನಂಬಿದ ಕಾಲ. 1814ರಲ್ಲಿ ಯೋಹಾನ್ ಬರ್ನ್‌ಹಾರ್ಡ್ ಲೋಜಿಯರ್ ಡಬ್ಲಿನ್‌ನಲ್ಲಿ, ಕೈಯನ್ನು ನಿಗದಿತ ಭಂಗಿಯಲ್ಲಿ ಹಿಡಿದಿಡುವ ಚೌಕಟ್ಟೊಂದಕ್ಕೆ ಪೇಟೆಂಟ್ ಪಡೆದನು. ಪ್ಯಾರಿಸ್‌ನಲ್ಲಿ ಪಿಯಾನೊ ವಾದಕ ಕಾಲ್ಕ್‌ಬ್ರೆನ್ನರ್ ಅದನ್ನು ಸರಳಗೊಳಿಸಿ ಮುಂಗೈಗೆ ಆಸರೆಯಾಗುವ ಪಟ್ಟಿಯೊಂದನ್ನು ಪ್ರಚಾರಕ್ಕೆ ತಂದುದಲ್ಲದೆ, ಅಭ್ಯಾಸ ನಡೆಯುತ್ತಿರುವಾಗ ಪುಸ್ತಕ ಓದಬಹುದೆಂದೂ ಸೂಚಿಸಿದನು. ಕಿವಿಗೆ ಕೆಲಸವೇ ಇಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಬಾರದು. ಬೀಥೊವನ್‌ನ ಶಿಷ್ಯನೂ ಲಿಸ್ಟ್‌ನ ಗುರುವೂ ಆದ ಚೆರ್ನಿಯ ಅಭ್ಯಾಸಕೃತಿಗಳು ಸಂಗೀತದ ಸಾಮಾನ್ಯ ಸಂದರ್ಭಗಳಿಂದಲೇ ಹುಟ್ಟಿದವಾದುದರಿಂದ ಇಂದಿಗೂ ಬಳಕೆಯಲ್ಲಿವೆ. 1873ರ ಆನೋನ್ ಸಂಕಲನದ 60 ಅಭ್ಯಾಸಗಳಿಗೆ ಸಂಗೀತದಿಂದ ಹುಟ್ಟಿದವೆಂಬ ಮಾತು ಅಷ್ಟಾಗಿ ಸಲ್ಲದು. ಎಲ್ಲ ಬೆರಳುಗಳನ್ನೂ ಸಮಾನ ಬಲಕ್ಕೆ ತರುವುದು ಇವುಗಳ ಗುರಿಯಾಗಿದ್ದು, ಉಂಗುರ ಬೆರಳನ್ನು ಮೇಲೆತ್ತುವ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಎಲುಬಿಗೆ ಜೋಡಿಸುವ ನಾರು, ಪಕ್ಕದ ಬೆರಳುಗಳ ನಾರುಗಳೊಂದಿಗೆ ಹೆಣೆದುಕೊಂಡಿರುವುದರಿಂದ ಆ ಗುರಿ ದೇಹರಚನೆಗೇ ವಿರುದ್ಧವಾಗಿತ್ತು.

1831ರಲ್ಲಿ ಕಾಲ್ಕ್‌ಬ್ರೆನ್ನರ್ ತನ್ನ ಬಳಿ ಮೂರು ವರ್ಷ ಕಲಿಯುವಂತೆ ಕರೆದಾಗ ಒಲ್ಲೆನೆಂದ ಸಂಯೋಜಕ ಶೋಪಾನ್, ಬೆರಳುಗಳ ಅಸಮಾನತೆಯನ್ನು ಅಳಿಸುವ ಬದಲು ಪ್ರತಿ ಬೆರಳಿನ ಸ್ವಭಾವವನ್ನು ಬಳಸಿಕೊಳ್ಳುವ ದಾರಿ ಹಿಡಿದನು. ಅವನು ಪೂರ್ಣಗೊಳಿಸದೆ ಬಿಟ್ಟ ಬೋಧನಾ ಟಿಪ್ಪಣಿಗಳ ಸಾರವನ್ನು ಒಂದು ಉದಾಹರಣೆಯಲ್ಲಿ ಕಾಣಬಹುದು. ಹೆಚ್ಚಿನ ಪಾಠಪುಸ್ತಕಗಳು ಬಿಳಿ ಕೀಲಿಗಳಷ್ಟೇ ಬೇಕಾಗುವ ಸಿ ಮೇಜರ್ ಶ್ರೇಣಿಯಿಂದ ತೊಡಗುತ್ತವೆ. ಅಲ್ಲಿ ಬಲಗೈಯ ಮೂರನೆಯ ಬೆರಳು ಇ ಸ್ವರದ ಮೇಲಿರುವಾಗ ಹೆಬ್ಬೆರಳು ಅದರಡಿ ನುಸುಳಿ ಎಫ್‌ಗೆ ತಲುಪಬೇಕು. ಸಮತಟ್ಟಾದ ನೆಲದಲ್ಲಿ ಜಾಗ ಸಾಲದೆ ವಿದ್ಯಾರ್ಥಿಯ ಮೊಣಕೈ ಹೊರಕ್ಕೆ ಚಿಮ್ಮುತ್ತದೆ, ಹೆಬ್ಬೆರಳು ಬಿದ್ದ ಸ್ವರ ಮಾತ್ರ ಗಟ್ಟಿಯಾಗಿ ಕೇಳಿಸುತ್ತದೆ. ಐದೂ ಕಪ್ಪು ಕೀಲಿಗಳಿರುವ ಬಿ ಮೇಜರ್‌ನಲ್ಲಾದರೋ ಉದ್ದ ಬೆರಳುಗಳು ಎತ್ತರದ ಕಪ್ಪು ಕೀಲಿಗಳ ಮೇಲೆ ತಾವಾಗಿಯೇ ಕೂರುವುದರಿಂದ ಹೆಬ್ಬೆರಳಿಗೆ ಕೆಳಗೆ ದಾರಿ ತೆರೆದಿರುತ್ತದೆ. ಕಣ್ಣಿಗೆ ಸುಲಭವಾದದ್ದು ಕೈಗೆ ಕಷ್ಟವೆಂದು ಅರಿತ ಶೋಪಾನ್ ಬಿ ಮೇಜರನ್ನೇ ಮೊದಲು ಕಲಿಸುತ್ತಿದ್ದನು, ಸಿ ಮೇಜರ್ ಸರದಿ ಕೊನೆಗೆ ಬರುತ್ತಿತ್ತು. ಅವನ ಕ್ರಮ ವ್ಯಾಪಕವಾಗಿ ಹರಡದಿರಲು, ಅದರಲ್ಲಿ ಸ್ವರಲಿಪಿಯನ್ನು ಓದಿಸುವುದು ತಡವಾಗುತ್ತದೆಂಬುದೂ ಒಂದು ಕಾರಣವಾಗಿದ್ದೀತು.

ಇತ್ತ ಪಿಯಾನೊ ತಯಾರಕ ಎರಾರ್‌ನ 1821ರ ಯಂತ್ರವಿನ್ಯಾಸ ಮತ್ತು ಅನಂತರ ಬಂದ ಎರಕದ ಕಬ್ಬಿಣದ ಚೌಕಟ್ಟು ಪಿಯಾನೊವನ್ನು ದೊಡ್ಡ ಸಭಾಂಗಣದ ವಾದ್ಯವನ್ನಾಗಿಸಿ, ಕೀಲಿಗಳನ್ನು ಭಾರವಾಗಿಸಿದ್ದವು. ಬೆರಳನ್ನಷ್ಟೇ ಎತ್ತಿ ಬಡಿಯುವ ಶಿಕ್ಷಣದಿಂದ ಕೈನೋವು ಹೆಚ್ಚಿದಾಗ ಜರ್ಮನಿಯ ಲುಡ್ವಿಗ್ ಡೆಪೆ 1885ರಲ್ಲಿ ವಾದಕರ ತೋಳುನೋವಿನ ಕುರಿತು ಲೇಖನವನ್ನೇ ಬರೆದು, ತೋಳಿನ ಭಾರವನ್ನು ಬಳಸಬೇಕೆಂದು ವಾದಿಸಿದನು. ಇಂಗ್ಲೆಂಡಿನ ಮ್ಯಾಥೇ 1903ರಲ್ಲಿ, ಜರ್ಮನಿಯ ಬ್ರೈಟ್‌ಹಾಪ್ಟ್ 1905ರಲ್ಲಿ ಇದೇ ವಿಚಾರವನ್ನು ಬೇರೆ ಬೇರೆ ದಿಕ್ಕಿನಿಂದ ಬೆಳೆಸಿದರು. ಆದರೆ ಶಿಷ್ಯಪರಂಪರೆಯಲ್ಲಿ ಇದು ಕೈಯನ್ನು ಪೂರ್ತಿ ಸಡಿಲ ಬಿಡಬೇಕೆಂಬ ಘೋಷಣೆಯಾಗಿ ಇಳಿಯಿತು. ಅಮೆರಿಕದ ಬಾಲ್ಟಿಮೋರಿನಲ್ಲಿ ಉಪಕರಣಗಳಿಂದ ಚಲನೆಯನ್ನು ಅಳೆದ ಓಟೊ ಆರ್ಟ್‌ಮನ್, 1929ರ ತನ್ನ ಗ್ರಂಥದಲ್ಲಿ, ವೇಗದ ವಾದನಕ್ಕೆ ಕೀಲುಗಳು ಕ್ಷಣಕಾಲವಾದರೂ ಸ್ಥಿರಗೊಳ್ಳಲೇಬೇಕೆಂದು ತೋರಿಸಿ ಆ ಅತಿರೇಕಕ್ಕೆ ತಡೆಯೊಡ್ಡಿದನು.

ಓದಿನ ತೊಡಕಿನಲ್ಲಿಯೂ ಇದೇ ಕಥೆ ನಡೆದಿದೆ. ಜಾನ್ ಥಾಮ್ಸನ್‌ನ 1936ರ ಬಾಲಪಾಠವು ಎರಡೂ ಹೆಬ್ಬೆರಳುಗಳನ್ನು ಕೀಲಿಮಣೆಯ ನಡುವಿನ ಸಿ ಸ್ವರದ ಮೇಲಿಟ್ಟು ಆರಂಭಿಸುತ್ತದೆ. ಮಗು ಬೇಗ ಹಾಡು ನುಡಿಸುತ್ತದೆಯಾದರೂ, ಸ್ವರವನ್ನು ಓದದೆ ಬೆರಳಿನ ಅಂಕಿಯನ್ನು ಓದುವ ಚಾಳಿ ಬೀಳುತ್ತದೆ. ಇದನ್ನು ತಿದ್ದಲೆಂದು ಫ್ರಾನ್ಸಿಸ್ ಕ್ಲಾರ್ಕ್ 1955ರಲ್ಲಿ, ಕೆಲವು ಗುರುತಿನ ಸ್ವರಗಳನ್ನು ನೆನಪಿನಲ್ಲಿಟ್ಟು ಅಲ್ಲಿಂದ ಅಂತರವನ್ನು ಎಣಿಸುವ ಕ್ರಮವನ್ನು ರೂಪಿಸಿದರು. ಜಪಾನಿನ ಸುಜುಕಿ ಪದ್ಧತಿ ಮೊದಲು ಕೇಳಿಸಿ, ಓದನ್ನು ಮುಂದಕ್ಕೆ ಹಾಕುತ್ತದೆ; ಆ ಪದ್ಧತಿಯಲ್ಲಿ ಬೆಳೆದವರ ಕಿವಿ ಚುರುಕು, ಓದು ಹಲವೊಮ್ಮೆ ಹಿಂದೆ.

ಅಭ್ಯಾಸದ ವಿಧಾನವೇ ಸಂಶೋಧನೆಯ ವಸ್ತುವಾದದ್ದು ಇತ್ತೀಚೆಗೆ. ಟೆಕ್ಸಸ್‌ನಲ್ಲಿ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 17 ಪಿಯಾನೊ ವಿದ್ಯಾರ್ಥಿಗಳು ಶೊಸ್ತಕೊವಿಚ್ ಕೃತಿಯ ಒಂದು ಕಿರುಭಾಗವನ್ನು ಅಭ್ಯಾಸ ಮಾಡಿ ಮರುದಿನ ನುಡಿಸಿದರು. ಎಷ್ಟು ಹೊತ್ತು, ಎಷ್ಟು ಸಲ ನುಡಿಸಿದರೆಂಬುದು ಫಲಿತಾಂಶವನ್ನು ನಿರ್ಧರಿಸಲಿಲ್ಲ; ತಪ್ಪು ಎಲ್ಲಿ ಆಯಿತೆಂದು ಗುರುತಿಸಿ, ಅಷ್ಟನ್ನೇ ನಿಧಾನಿಸಿ ತಿದ್ದಿಕೊಂಡವರು ಮುಂದಿದ್ದರು. ಆರಂಭಕ್ಕೇ ಓಡುವ ವಿದ್ಯಾರ್ಥಿ ತನಗೆ ಬರುವುದನ್ನೇ ಬಲಪಡಿಸಿಕೊಳ್ಳುತ್ತಿರುತ್ತಾನೆ.

ನಮ್ಮ ನಾಡಿಗೆ ಬಂದರೆ, ಮೈಸೂರಿನ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆಗಿದ್ದವರು. ರಷ್ಯದ ಸಂಯೋಜಕ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದವರೂ ಅವರೇ. ಇಂದು ಬೆಂಗಳೂರಿನಲ್ಲಿ ಅದೇ ಟ್ರಿನಿಟಿಯ ಮತ್ತು ಅಸೋಸಿಯೇಟೆಡ್ ಬೋರ್ಡ್ ಎಂಬ ಪರೀಕ್ಷಾ ಮಂಡಳಿಯ ಗ್ರೇಡ್ ಪರೀಕ್ಷೆಗಳು ಪಿಯಾನೊ ಬೋಧನೆಯ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಕರ್ನಾಟಕ ಸಂಗೀತದ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿ ಬಂದ ಮಕ್ಕಳಿಗೆ ಲಯದ ತೊಡಕು ಕಡಿಮೆಯಾದರೂ, ಎರಡು ಕೈಗಳಿಗೆ ಎರಡು ಸಾಲುಗಳನ್ನು ಒಟ್ಟಿಗೆ ಓದುವುದು ಅವರಿಗೂ ಹೊಸತು. ದೊಡ್ಡ ಅಡಚಣೆ ಮನೆಯ ವಾದ್ಯದ್ದು. 61 ಕೀಲಿಗಳ ಅಗ್ಗದ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಕೀಲಿಯನ್ನು ಹೇಗೆ ಮುಟ್ಟಿದರೂ ಸದ್ದು ಬರುತ್ತದೆ. ನಿಜವಾದ ಪಿಯಾನೊದಲ್ಲಿ ತೀರ ನಿಧಾನವಾಗಿ ಒತ್ತಿದರೆ ಸುತ್ತಿಗೆ ತಂತಿಯನ್ನು ತಲುಪದೆ ಸ್ವರವೇ ಹೊರಡುವುದಿಲ್ಲ. ಆದುದರಿಂದ ಇಂಥ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ವೇಗದ ಭಾಗಗಳಲ್ಲಲ್ಲ, ಮೆಲ್ಲನೆ ನುಡಿಸಬೇಕಾದ ಭಾಗಗಳಲ್ಲಿ.