ಒಂದೇ ಉರಿ, ಎರಡು ಟರ್ಬೈನ್
ನೈಸರ್ಗಿಕ ಅನಿಲದಿಂದ ವಿದ್ಯುತ್

ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಸಂಯುಕ್ತ ಆವರ್ತ (ಕಂಬೈನ್ಡ್ ಸೈಕಲ್) ಸ್ಥಾವರದಲ್ಲಿ ಇದನ್ನು ಒಮ್ಮೆ ಉರಿಸಿ, ಅದೇ ಶಾಖದಿಂದ ಎರಡು ಸಲ ಕೆಲಸ ತೆಗೆಯುತ್ತಾರೆ.

ಮೊದಲ ಹಂತ: ಅನಿಲ ಟರ್ಬೈನ್
ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದುಕೊಂಡು, ಒತ್ತಿ, ದಹನ ಕೋಣೆಗೆ ತಳ್ಳುತ್ತದೆ. ಅಲ್ಲಿ ಅನಿಲ ಬೆರೆತು ಉರಿಯುತ್ತದೆ. ರಭಸದಿಂದ ಹಿಗ್ಗುವ ಬಿಸಿ ಅನಿಲ ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ಅದರೊಂದಿಗೆ ಜನರೇಟರ್ ತಿರುಗುತ್ತದೆ. ಎರಡು ಧ್ರುವಗಳ ಜನರೇಟರ್ ನಿಮಿಷಕ್ಕೆ 3000 ಸುತ್ತು ಸುತ್ತಿದರೆ ನಮ್ಮ ಮನೆಗಳಿಗೆ ಬರುವ 50 ಹರ್ಟ್ಸ್ ವಿದ್ಯುತ್ ಸಿಗುತ್ತದೆ.

ಎರಡನೇ ಹಂತ: ಹಬೆ ಟರ್ಬೈನ್
ಹೊರಬರುವ ಹೊಗೆಯ ಬಿಸಿ ಆಗಲೂ ಸುಮಾರು 600 ಡಿಗ್ರಿ ಸೆಲ್ಸಿಯಸ್. ಅದನ್ನು ಚಿಮಣಿಗೆ ಬಿಡುವ ಮೊದಲು ನೀರಿನ ಕೊಳವೆಗಳ ಸಾಲಿನ ನಡುವೆ ಹಾಯಿಸುತ್ತಾರೆ. ನೀರು ಹಬೆಯಾಗಿ ಎರಡನೇ ಟರ್ಬೈನನ್ನು ತಿರುಗಿಸುತ್ತದೆ. ಬಳಿಕ ಕಂಡೆನ್ಸರ್‌ನಲ್ಲಿ ತಣಿದು, ನೀರಾಗಿ ಮತ್ತೆ ಕೊಳವೆ ಸೇರುತ್ತದೆ.

ಆರಂಭದ ಯಂತ್ರ
1939ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪಟ್ಟಣದ ವಿದ್ಯುತ್ ಕೇಂದ್ರಕ್ಕೆ ಬ್ರೌನ್ ಬೊವೆರಿ ಕಂಪನಿ ಅನಿಲ ಟರ್ಬೈನ್ ಒದಗಿಸಿತು. ಅದರ ಇಂಧನ ತೈಲ. ಟರ್ಬೈನಿನ ಶಕ್ತಿಯಲ್ಲಿ ಮುಕ್ಕಾಲು ಪಾಲು ಕಂಪ್ರೆಸರ್‌ಗೇ ಖರ್ಚಾಗಿ, ವಿದ್ಯುತ್ತಿಗೆ ಉಳಿಯುತ್ತಿದ್ದದ್ದು 4 ಮೆಗಾವಾಟ್. ಇಂಧನದ ಶಕ್ತಿಯಲ್ಲಿ ಶೇ 18ಕ್ಕಿಂತ ಕಡಿಮೆ ಭಾಗ ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದಿನ ಅತ್ಯುತ್ತಮ ಸಂಯುಕ್ತ ಸ್ಥಾವರಗಳಲ್ಲಿ ಇದು ಶೇ 60 ದಾಟಿದೆ.

ಕರ್ನಾಟಕದಲ್ಲಿ
ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸ್ಥಾವರ ಇದೇ ಬಗೆಯದು. ಇಲ್ಲಿ ಕಲ್ಲಿದ್ದಲಿನ ರಾಶಿಯೂ ಇಲ್ಲ, ಹಾರುಬೂದಿಯೂ ಇಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ತಪ್ಪಿದ್ದಲ್ಲ. ಪ್ರತಿ ಯೂನಿಟ್‌ಗೆ ಅದು ಕಲ್ಲಿದ್ದಲಿನ ಸ್ಥಾವರದ ಸುಮಾರು ಅರ್ಧದಷ್ಟು.