ಗಾಮಾ ಕಿರಣ ಸ್ಫೋಟ: ಕ್ಷಣದ ಬೆಳಕಿಗೆ ಅಂತರಿಕ್ಷದಲ್ಲಿ ಕಾವಲು

ಗಾಮಾ ಕಿರಣ ಸ್ಫೋಟವು ವಿಶ್ವದ ಅತ್ಯಂತ ಪ್ರಬಲ ಆಸ್ಫೋಟಗಳಲ್ಲಿ ಒಂದು. ಅದು ಯಾವಾಗ, ಯಾವ ದಿಕ್ಕಿನಿಂದ ಬರುವುದೆಂದು ಮುಂಚಿತವಾಗಿ ತಿಳಿಯದು. ಬಂದದ್ದು ಬಹುತೇಕ ಕೆಲವೇ ಸೆಕೆಂಡುಗಳಲ್ಲಿ ಮರೆಯಾಗುತ್ತದೆ. ಈ ಕಿರಣಗಳನ್ನು ಭೂಮಿಯ ವಾಯುಮಂಡಲ ತಡೆಯುವುದರಿಂದ ನೇರ ವೀಕ್ಷಣೆಗೆ ಉಪಗ್ರಹಗಳೇ ಆಧಾರ.

ಇದನ್ನು ಮೊದಲು ಕಂಡದ್ದು ಖಗೋಳ ದೂರದರ್ಶಕವಲ್ಲ. ಪರಮಾಣು ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಇಂಥ ಸ್ಫೋಟವನ್ನು ದಾಖಲಿಸಿದವು. ಬೇರೆ ಬೇರೆ ಉಪಗ್ರಹಗಳಿಗೆ ಕಿರಣಗಳು ತಲುಪಿದ ಕಾಲದ ಅಂತರದಿಂದ ದಿಕ್ಕನ್ನು ಲೆಕ್ಕ ಹಾಕಿದ ರೇ ಕ್ಲೆಬೆಸಾಡೆಲ್ ಮತ್ತು ಸಂಗಡಿಗರು, ಇವುಗಳ ಮೂಲ ಭೂಮಿಯೂ ಅಲ್ಲ, ಸೂರ್ಯನೂ ಅಲ್ಲವೆಂದು 1973ರಲ್ಲಿ ಪ್ರಕಟಿಸಿದರು.

ದಿಕ್ಕು ತಿಳಿಯುವ ಬಗೆ

ಗಾಮಾ ಕಿರಣಗಳನ್ನು ಸಾಮಾನ್ಯ ಮಸೂರ, ಕನ್ನಡಿಗಳಿಂದ ಒಂದೆಡೆ ಸೇರಿಸಲಾಗದು. 2008ರಲ್ಲಿ ಉಡಾವಣೆಯಾದ ಫರ್ಮಿಯಲ್ಲಿ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ 12 ಸೋಡಿಯಂ ಅಯೊಡೈಡ್ ಹರಳುಗಳಿವೆ. ಯಾವ ಹರಳಿಗೆ ಎಷ್ಟು ಕಿರಣ ಬಿತ್ತೆಂಬುದರಿಂದ ಸ್ಥೂಲವಾಗಿ ದಿಕ್ಕು ದೊರೆಯುತ್ತದೆ. 2004ರಲ್ಲಿ ಹಾರಿದ ಸ್ವಿಫ್ಟ್‌ನಲ್ಲಿ ಸೀಸದ ಬಿಲ್ಲೆಗಳ ಪರದೆಯೊಂದು 32,768 ಸಂವೇದಕಗಳ ಮೇಲೆ ನೆರಳು ಬೀಳಿಸುತ್ತದೆ. ನೆರಳಿನ ವಿನ್ಯಾಸದಿಂದ ಇನ್ನೂ ನಿಖರವಾದ ಸ್ಥಾನ ತಿಳಿಯುವುದು. ಕೂಡಲೇ ಉಪಗ್ರಹ ತಾನಾಗಿ ಅತ್ತ ತಿರುಗುವಂತೆ ರೂಪಿಸಲಾಯಿತು.

ಸ್ಫೋಟದ ಅವಧಿಯನ್ನು ಅಳೆಯುವ ಕ್ರಮವೂ ಉಂಟು. ಒಟ್ಟು ಕಿರಣಗಳಲ್ಲಿ ಮೊದಲ ಮತ್ತು ಕೊನೆಯ ಶೇ. 5ರಷ್ಟನ್ನು ಬಿಟ್ಟು, ನಡುವಿನ ಶೇ. 90ರಷ್ಟು ಬರಲು ಹಿಡಿದ ಕಾಲವೇ ಅವಧಿ. ಎರಡು ಸೆಕೆಂಡಿಗಿಂತ ಕಡಿಮೆಯಾದರೆ ಹ್ರಸ್ವ, ಹೆಚ್ಚಾದರೆ ದೀರ್ಘ ಎಂಬುದು ರೂಢಿಯ ವಿಂಗಡಣೆ.

ವೇಗದ ಮಹತ್ವ

ಸ್ಥಾನ ಬೇಗ ತಿಳಿಯದಿದ್ದರೆ ದೂರವೂ ತಿಳಿಯದು. 1991ರಿಂದ 2000ದವರೆಗೆ ಕಾಂಪ್ಟನ್ ವೀಕ್ಷಣಾಲಯ 2,704 ಸ್ಫೋಟಗಳನ್ನು ಗುರುತಿಸಿತು. ಅವು ಆಗಸದಲ್ಲಿ ಸಮನಾಗಿ ಹರಡಿದ್ದವಾದರೂ ಅವುಗಳ ದೂರದ ವಿವಾದ ಬಗೆಹರಿಯಲಿಲ್ಲ. 1997ರ ಫೆಬ್ರವರಿ 28ರಂದು ಇಟಲಿ-ನೆದರ್ಲೆಂಡ್ಸ್ ಉಪಗ್ರಹ ಬೆಪ್ಪೊಸ್ಯಾಕ್ಸ್, ಸ್ಫೋಟದ ನಂತರವೂ ಉಳಿಯುವ ಎಕ್ಸ್-ಕಿರಣಗಳ ಹಿನ್ನೆಳಕನ್ನು ಮೊದಲ ಬಾರಿಗೆ ಪತ್ತೆ ಮಾಡಿತು. ಅದೇ ವರ್ಷ ಮೇ ತಿಂಗಳ ಮತ್ತೊಂದು ಸ್ಫೋಟದ ಹಿನ್ನೆಳಕನ್ನು ಭೂಮಿಯ ದೂರದರ್ಶಕಗಳು ಹಿಂಬಾಲಿಸಿದಾಗ, ಅದು ನೂರಾರು ಕೋಟಿ ಜ್ಯೋತಿರ್ವರ್ಷಗಳ ಆಚೆಯದೆಂಬುದು ಖಚಿತವಾಯಿತು.

2017ರ ಆಗಸ್ಟ್ 17ರಂದು ಗುರುತ್ವ ಅಲೆಗಳು ಭೂಮಿಯನ್ನು ತಲುಪಿದ ಸುಮಾರು 1.7 ಸೆಕೆಂಡಿನಲ್ಲಿ ಫರ್ಮಿ ಹ್ರಸ್ವ ಸ್ಫೋಟವೊಂದನ್ನು ಕಂಡಿತು. ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನದಿಂದ ಇಂಥ ಸ್ಫೋಟ ಉಂಟಾಗಬಲ್ಲದೆಂಬುದಕ್ಕೆ ಅದು ನೇರ ಸಾಕ್ಷ್ಯವಾಯಿತು.

ಭಾರತದ ಪಾಲು

ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್‌ನ ಒಂದು ಉಪಕರಣ ಕಾರ್ಯಾರಂಭ ಮಾಡಿದ ಅಕ್ಟೋಬರ್ 6ರಂದೇ ಸ್ಫೋಟವೊಂದನ್ನು ಸೆರೆಹಿಡಿಯಿತು. ಅದರ ಹೊರಗೋಡೆಗಳನ್ನು ಹೆಚ್ಚಿನ ಶಕ್ತಿಯ ಕಿರಣಗಳು ತೂರಿ ಬರುವುದರಿಂದ ಪಕ್ಕದಿಂದ ಬಂದ ಸ್ಫೋಟಗಳೂ ಅದಕ್ಕೆ ಗೋಚರ. ಕಿರಣಗಳ ಧ್ರುವೀಕರಣವನ್ನೂ ಅದು ಅಳೆದಿದೆ. ಸ್ಫೋಟದಿಂದ ಚಿಮ್ಮುವ ಧಾರೆಯಲ್ಲಿನ ಕಾಂತಕ್ಷೇತ್ರದ ಸ್ವರೂಪವನ್ನು ಅರಿಯಲು ಈ ಅಳತೆ ನೆರವಾಗುತ್ತದೆ.