ಕಬ್ಬಿಣದ ನೇಗಿಲೂ ಮೂರು ತಾಳಿನ ಕೂರಿಗೆಯೂ

ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ! 20ನೇ ಶತಮಾನದ ಆರಂಭದಲ್ಲಿ ಬೆಳಗಾವಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ತಯಾರಿಸಿದಾಗ ರೈತರು ಹೀಗೆಂದು ಹಿಂದೆ ಸರಿದರಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಅಜ್ಞಾನವೆಂದು ನಗುವುದು ಸುಲಭ. ಆದರೆ ಮರದ ನೇಗಿಲಿಗೂ ಕಬ್ಬಿಣದ ಕುಳ ಇದ್ದೇ ಇತ್ತಲ್ಲ! ರೈತನ ಅನುಮಾನಕ್ಕೆ ವಿಷವೊಂದೇ ಕಾರಣವಾಗಿರಲಾರದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಲಿನ ಎರಿ ಭೂಮಿಯನ್ನೇ ನೋಡಿ. ಇದನ್ನು ಪ್ರತಿವರ್ಷ ಉಳುವ ರೂಢಿ ಹಿಂದೆ ಇರಲಿಲ್ಲ. ಬೇಸಿಗೆಯಲ್ಲಿ ತಾನಾಗಿ ಬಿರಿಯುವ ಮಣ್ಣಿಗೆ ಕುಂಟೆ ಹೊಡೆದರೆ ಸಾಕಿತ್ತು. ಕರಿಕೆ ಬೇರು ಬಿಟ್ಟಾಗ ಮಾತ್ರ ಹಲವು ಜೋಡಿ ಎತ್ತು ಕಟ್ಟಿ ದೊಡ್ಡ ರಂಟೆ ಹೂಡುತ್ತಿದ್ದರು. ಇಲ್ಲಿನ ಹಿಂಗಾರಿ ಜೋಳಕ್ಕೆ ಮುಖ್ಯವಾದುದು ಉಳುಮೆಯಲ್ಲ, ಬಿತ್ತನೆ. ಮಳೆ ನಿಂತ ಮೇಲೆ ನೆಲದೊಳಗಿನ ಹಸಿಯಲ್ಲೇ ಬೆಳೆಯುವ ಪೈರು ಅದು. ಕಾಳು ಆ ಹಸಿಗೆ ತಲುಪಲೇಬೇಕು.

ತಲುಪಿಸುವುದು ಕೂರಿಗೆ. ಒಂದು ಮರದ ದಿಂಡು, ಅದಕ್ಕೆ ಮೂರೋ ನಾಲ್ಕೋ ತಾಳು, ಬಿದಿರಿನ ಕೊಳವೆಗಳು, ಮೇಲೆ ಒಂದು ಬಟ್ಟಲು. ಕೈಯಿಂದ ಬಿಟ್ಟ ಕಾಳು ಸಮನಾಗಿ ಹಂಚಿಕೊಂಡು ಸಾಲಿಗಿಳಿಯುತ್ತದೆ. ಸಾಲು ನೆಟ್ಟಗಿದ್ದರೆ ಮುಂದೆ ಎಡೆಕುಂಟೆ ಹಾಯಿಸಿ ಕಳೆ ತೆಗೆಯಲೂ ಸಲೀಸು.

ಇಂಗ್ಲೆಂಡಿನ ಜೆತ್ರೋ ಟಲ್ 1701ರಲ್ಲಿ ಬಿತ್ತನೆ ಯಂತ್ರ ಮಾಡಿದನೆಂದು ಶಾಲೆಯಲ್ಲಿ ಓದುತ್ತೇವೆ. ಬಿತ್ತನೆಯ ಕೂರಿಗೆ ಯುರೋಪಿನ ಹೊಸ ಶೋಧವೆಂದೇ ನಂಬಿದ್ದ ಕ್ಯಾಪ್ಟನ್ ಹಾಲ್ಕಾಟ್ 1790ರ ದಶಕದಲ್ಲಿ ದಕ್ಷಿಣ ಭಾರತದ ಹೊಲವೊಂದರಲ್ಲಿ ಅದನ್ನು ಕಂಡು ಬೆರಗಾದ. ವಿಚಾರಿಸಿದರೆ, ಅದು ಅನಾದಿಯಿಂದ ಇದೆ ಎಂಬ ಉತ್ತರ!

ಭಾರತದ ಬೇಸಾಯ ಸುಧಾರಿಸಲು ಬಂದ ರಸಾಯನ ತಜ್ಞ ವೋಲ್ಕರ್ 1893ರ ವರದಿಯಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ: ಇಲ್ಲಿನ ಸಲಕರಣೆಗಳ ಜಾಗಕ್ಕೆ ಬರುವಂಥದ್ದು ಸರಳವೂ ಅಗ್ಗವೂ ಪರಿಣಾಮಕಾರಿಯೂ ಆಗಿರಬೇಕು. ಅಂಥದ್ದನ್ನು ತರಬಲ್ಲವನು ನಿಜಕ್ಕೂ ಜಾಣನೇ ಆಗಿರಬೇಕು.

ಕೂರಿಗೆ ಕೆಟ್ಟರೆ ಊರ ಬಡಿಗೇರನಿದ್ದ, ಕಮ್ಮಾರನಿದ್ದ. ವರ್ಷಕ್ಕೊಮ್ಮೆ ಕಣದಲ್ಲಿ ಆಯದ ಕಾಳು ಅಳೆದರೆ ಅವರ ಕೂಲಿ ಮುಗಿಯಿತು. ಎರಕದ ನೇಗಿಲು ಮುರಿದರೆ ಯಾರ ಬಳಿ ಹೋಗುವುದು? ಈ ಪ್ರಶ್ನೆ ಮೂಢನಂಬಿಕೆಯಲ್ಲ. ಹಾಗೆಂದು ರೈತ ಹೊಸದಕ್ಕೆ ಶತ್ರುವೂ ಆಗಿರಲಿಲ್ಲ. ನೇಗಿಲು ಬಾಳಿಕೆ ಬರುತ್ತದೆಂದು ಕಂಡ ಮೇಲೆ ಅವನೇ ಕೊಂಡ; 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎದ್ದು ನಿಂತಿತು.

ಇಂದು ಮುಧೋಳ, ಜಮಖಂಡಿಯ ನೀರಾವರಿ ಹೊಲಗಳನ್ನೆಲ್ಲ ಕಬ್ಬು ಆವರಿಸಿದೆ. ಜೋಳ ಬಿತ್ತುವಲ್ಲಿ ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಕೂರಿಗೆ ಓಡುತ್ತದೆ. ತಾಳು, ಕೊಳವೆ, ಸಾಲಿನ ಲೆಕ್ಕವೆಲ್ಲ ಹಳೆಯದೇ. ಬದಲಾದದ್ದು ಬೇರೆ. ಎತ್ತು ಮಾರಿದ ಸಣ್ಣ ಹಿಡುವಳಿದಾರ ಬಾಡಿಗೆ ಟ್ರ್ಯಾಕ್ಟರಿಗೆ ಸರದಿ ಕಾಯಬೇಕು. ಎರಿ ಭೂಮಿಯ ಮೇಲ್ಪದರದ ಹಸಿಯೋ, ಅದು ಕಾಯುವುದು ಕೆಲವೇ ದಿನ.